ಅತ್ತೆಯ ಎದೆಯೊಳಗಿನ ಟಿಕ್ ಟಿಕ್ ಮತ್ತು ನಮ್ಮೆಲ್ಲರ ಲಬ್-ಡಬ್

ನಮ್ಮ ಅತ್ತೆಯ ಎದೆಯೊಳಗೆ ಗಡಿಯಾರ ಇದೆ. ತಮಾಷೆ ಅಲ್ಲ, ನಿಜವಾಗಿಯೂ ಕೇಳಿಸುತ್ತೆ!

ಸಾಗರದ ಹತ್ತಿರದ ಅವರ ಮನೆಯಲ್ಲಿ ಮಳೆ ನಿಂತ ರಾತ್ರಿ, ಕರೆಂಟೂ ಹೋಗಿ ಫ್ಯಾನು ನಿಂತಾಗ, ಪಕ್ಕದಲ್ಲಿ ಕೂತರೆ ಸಣ್ಣಗೆ ಟಿಕ್... ಟಿಕ್... ಟಿಕ್... ಅಂತ. ಚಿಕ್ಕವಳಿದ್ದಾಗ ಜ್ವರ ಬಂದು ಮಂಡಿ, ಮೊಣಕೈ ಎಲ್ಲ ಊದಿಕೊಂಡಿತ್ತಂತೆ. ನಾಲ್ಕು ದಿನ ಕಷಾಯ ಕುಡಿಸಿದರು, ವಾಸಿಯಾಯ್ತು, ಎಲ್ಲರೂ ಮರೆತರು. ಆದರೆ ಆ ರುಮ್ಯಾಟಿಕ್ ಜ್ವರ ಮರೆತಿರಲಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಅತ್ತೆಗೆ ದಣಪೆ ದಾಟಿ ತೋಟಕ್ಕೆ ಇಳಿದು ಹತ್ತೋಕೆ ಆಗದಷ್ಟು ಏದುಸಿರು. ಎಡಗಡೆಯ ಮೈಟ್ರಲ್ ಕವಾಟ ಗಟ್ಟಿಯಾಗಿ, ಬಾಯಿ ಕಟ್ಟಿಕೊಂಡು ಕೂತಿತ್ತು. ಅದನ್ನು ತೆಗೆದು ಕಾರ್ಬನ್ನಿನ ಎರಡು ಅರ್ಧಚಂದ್ರದ ಎಲೆಗಳಿರುವ ಕೃತಕ ಕವಾಟ ಹಾಕಿದರು. ಈಗ ಎಂಟು ವರ್ಷ ಆಯ್ತು.

ಡಿಸ್ಚಾರ್ಜ್ ದಿನ ಡಾಕ್ಟರು ಹೇಳಿದ್ದು ಎರಡೇ ಮಾತು. ರಕ್ತ ಹೆಪ್ಪುಗಟ್ಟದ ಮಾತ್ರೆ ಒಂದು ದಿನವೂ ತಪ್ಪಿಸಬಾರದು. ಮತ್ತೆ, ಈ ಟಿಕ್ ಟಿಕ್ ಮಂಕಾದರೆ ಅಥವಾ ಕೇಳಿಸದೇ ಹೋದರೆ ನಾಳೆ ನಾಡಿದ್ದು ಅನ್ನದೆ ಹೊರಟು ಬಂದುಬಿಡಬೇಕು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಮೊದಲು ಬದಲಾಗೋದು ಸದ್ದೇ ಆಗಿರಬಹುದು. ಹಾಗಾಗಿ ಅತ್ತೆ ದಿನಾ ರಾತ್ರಿ ದೇವರಿಗೆ ಕೈ ಮುಗಿದು, ಮಲಗಿ, ಒಂದು ನಿಮಿಷ ತನ್ನ ಎದೆಯ ಸದ್ದನ್ನು ತಾನೇ ಕೇಳಿಸಿಕೊಂಡು ಆಮೇಲೆ ಕಣ್ಣು ಮುಚ್ಚುತ್ತಾಳೆ.

ಕಳೆದ ಸಲ ಊರಿಗೆ ಹೋದಾಗ ಅತ್ತೆ ಕೇಳಿದಳು, "ತಮ್ಮಾ, ನಂಗೆ ಇವರು ಹಾಕಿದ್ದು ಟಿಕ್ ಅನ್ನತ್ತೆ. ನಿಮಗೆಲ್ಲ ದೇವರು ಕೊಟ್ಟಿದ್ದು ಎಂತಕ್ಕೆ ಸದ್ದು ಮಾಡತ್ತೆ?"

ಹೈಸ್ಕೂಲಿನ ಉತ್ತರ ಬಾಯಲ್ಲೇ ಇತ್ತು: ಕವಾಟಗಳು ಮುಚ್ಚಿಕೊಳ್ಳೋ ಸದ್ದು. ಮೊದಲ ಜೋಡಿ ಮುಚ್ಚಿದಾಗ ಲಬ್, ಎರಡನೇ ಜೋಡಿ ಮುಚ್ಚಿದಾಗ ಡಬ್. ಹೇಳಿಯೂ ಬಿಟ್ಟೆ. ಬೆಂಗಳೂರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಅನುಮಾನ ಶುರುವಾಯ್ತು. ಕವಾಟ ಅಂದರೆ ಬಾಗಿಲಲ್ಲ, ಹಸಿ ಪೊರೆ. ಒದ್ದೆ ಬಟ್ಟೆಯ ಎರಡು ಅಂಚು ರಕ್ತದೊಳಗೆ ಮುಳುಗಿಕೊಂಡೇ ಒಂದಕ್ಕೊಂದು ತಾಗಿದರೆ ಎಂಥ ಸದ್ದು ಬಂದೀತು? ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಮಾಡ್ತಿರೋದು ಸಾಫ್ಟ್‌ವೇರ್ (ನಮ್ಮ ಬ್ಯಾಚಿನ ಅರ್ಧಕ್ಕರ್ಧ ಜನರ ಕಥೆ ಇದೇ). ಹಾಗಾಗಿ ಮೂರು ವಾರ ಸಿಕ್ಕಿದ್ದೆಲ್ಲ ಓದಿದೆ. ಆ ಹೈಸ್ಕೂಲಿನ ಒಂದು ಸಾಲಿನ ಹಿಂದೆ ಮುನ್ನೂರೈವತ್ತು ವರ್ಷದ ಜಗಳ ಇದೆ ಮಾರಾಯ್ರೆ!

ಶುರುವಾಗೋದು ವಿಲಿಯಂ ಹಾರ್ವೆಯಿಂದ. ರಕ್ತ ದೇಹದಲ್ಲಿ ಸುತ್ತುತ್ತೆ ಅಂತ 1628ರಲ್ಲಿ ತೋರಿಸಿಕೊಟ್ಟ ಇಂಗ್ಲೆಂಡಿನ ವೈದ್ಯ. ಆ ಪುಸ್ತಕದಲ್ಲೇ ಅವನು, ಕುದುರೆ ನೀರು ಕುಡಿಯುವಾಗ ಗುಟುಕು ಇಳಿಯೋ ಸದ್ದು ಹೇಗೆ ಕೇಳುತ್ತೋ, ಹಾಗೆ ಹೃದಯ ರಕ್ತವನ್ನು ದೂಡುವಾಗಲೂ ಎದೆಯಲ್ಲಿ ಸದ್ದು ಕೇಳಬಹುದು ಅಂತ ಹೇಳಿದ. ಅಷ್ಟೇ. ಇದಕ್ಕೆ ವೆನಿಸ್ಸಿನ ಎಮಿಲಿಯೋ ಪರಿಸಾನೋ ಅನ್ನೋ ವೈದ್ಯ, ನಮ್ಮೂರಲ್ಲಿ ಯಾರಿಗೂ ಅಂಥ ಸದ್ದು ಕೇಳಿಸಿಲ್ಲ, ಲಂಡನ್ನಿನವರಿಗೆ ಮಾತ್ರ ಕೇಳುತ್ತೆ ಅಂತ ಕಾಣುತ್ತೆ ಅಂತ ಲೇವಡಿ ಮಾಡಿದ! ಗಂಡನೋ ಮಗುವೋ ಎದೆಗೆ ಕಿವಿಯಿಟ್ಟು ಮಲಗದ ಊರು ಯಾವುದಿದೆ ಹೇಳಿ? ವೆನಿಸ್ಸಿನಲ್ಲೂ ಕೇಳಿಸಿಯೇ ಇರುತ್ತೆ. ಕೇಳಿಸಿದ್ದಕ್ಕೆ ಅರ್ಥ ಇದೆ ಅಂತ ಯಾರಿಗೂ ಅನಿಸಿರಲಿಲ್ಲ ಅಷ್ಟೇ.

ಹಾಗೆ ಅನಿಸಿದ್ದು ರಾಬರ್ಟ್ ಹುಕ್‌ಗೆ. ಅದೇ ನಮ್ಮ ಸ್ಪ್ರಿಂಗಿನ ಹುಕ್ಸ್ ನಿಯಮದ ಹುಕ್. ಮನುಷ್ಯನ ಎದೆಬಡಿತ ತನಗೆ ಸ್ಪಷ್ಟವಾಗಿ ಕೇಳಿಸಿದೆ, ಗಡಿಯಾರದೊಳಗಿನ ಚಕ್ರಗಳ ಓಟ ಸದ್ದಿನಿಂದ ಗೊತ್ತಾಗುವ ಹಾಗೆ ದೇಹದೊಳಗಿನ ಭಾಗಗಳ ಕೆಲಸವನ್ನೂ ಸದ್ದಿನಿಂದಲೇ ತಿಳಿಯುವ ಕಾಲ ಬರಬಹುದು ಅಂತ ಬರೆದಿಟ್ಟ. ಅವನು 1703ರಲ್ಲಿ ತೀರಿಕೊಂಡ, ಆ ಬರಹ ಅಚ್ಚಾಗಿದ್ದು 1705ರಲ್ಲಿ. ಆಮೇಲೆ ನೂರಾಹನ್ನೊಂದು ವರ್ಷ ಯಾರೂ ಅದರ ತಂಟೆಗೆ ಹೋದ ಹಾಗಿಲ್ಲ.

1816ರಲ್ಲಿ ಪ್ಯಾರಿಸ್ಸಿನ ನೆಕ್ಕೆರ್ ಆಸ್ಪತ್ರೆಯ ರೆನೆ ಲೆನೆಕ್ ಬಂದ. ಹೃದಯದ ಕಾಯಿಲೆಯ ಲಕ್ಷಣಗಳಿದ್ದ ಒಬ್ಬ ಹುಡುಗಿ, ಮೈ ದಪ್ಪ, ಎದೆ ತಟ್ಟಿ ನೋಡಿದರೆ ಏನೂ ತಿಳಿಯದು, ವಯಸ್ಸು ಮತ್ತು ಹೆಣ್ಣು ಅನ್ನೋ ಕಾರಣಕ್ಕೆ ನೇರ ಎದೆಗೆ ಕಿವಿ ಇಡೋದು ಸಲ್ಲದು. ಒಂದಷ್ಟು ಕಾಗದ ಬಿಗಿಯಾಗಿ ಸುರುಳಿ ಸುತ್ತಿ ಒಂದು ತುದಿ ಅವಳೆದೆಗೆ, ಇನ್ನೊಂದು ತುದಿ ತನ್ನ ಕಿವಿಗೆ ಇಟ್ಟ. ಬರೀ ಕಿವಿಗಿಂತ ಚೆನ್ನಾಗಿ ಕೇಳಿಸಿತು! (ಮಕ್ಕಳು ಮರದ ತೊಲೆಯ ತುದಿ ಕೆರೆದು ಆಡ್ತಿದ್ದುದನ್ನು ನೋಡಿ ಅವನಿಗೆ ಹೊಳೆಯಿತು ಅನ್ನೋ ಚಂದದ ಕಥೆ ಎಲ್ಲ ಕಡೆ ಸಿಗುತ್ತೆ. ಅವನು ತನ್ನ ಪುಸ್ತಕದಲ್ಲಿ ನೆನೆಸಿಕೊಳ್ಳೋದು ತೊಲೆಯನ್ನು ಮಾತ್ರ, ಮಕ್ಕಳು ಅಲ್ಲಿಲ್ಲ.) ಆಮೇಲೆ ಮರದ ಕೊಳವೆ ಮಾಡಿಕೊಂಡು, ಮೂರು ವರ್ಷ ರೋಗಿಗಳ ಎದೆ ಕೇಳಿ, ಸತ್ತವರ ಎದೆ ಕೊಯ್ದು ನೋಡಿ ಹೋಲಿಸಿ, 1819ರಲ್ಲಿ ಪುಸ್ತಕ ಬರೆದ. ಸ್ಟೆತಸ್ಕೋಪ್ ಅನ್ನೋ ಹೆಸರೂ ಅವನದ್ದೇ. ಗ್ರೀಕಿನಲ್ಲಿ 'ಎದೆಯನ್ನು ನೋಡುವುದು' ಅಂತ ಅರ್ಥ. ಕೇಳೋ ಸಾಧನಕ್ಕೆ ನೋಡೋ ಹೆಸರು! 1826ರಲ್ಲಿ ಅವನನ್ನು ಕೊಂದಿದ್ದು ಕ್ಷಯ. ಅವನ ಎದೆಗೆ ಅದೇ ಕೊಳವೆ ಇಟ್ಟು ಕೇಳಿ ಕಾಯಿಲೆ ಗುರುತಿಸಿದ್ದು ಅವನದೇ ಸಂಬಂಧಿ ಮೆರಿಯಾಡೆಕ್.

ಇಂಥ ಲೆನೆಕ್‌ನೇ ಲಬ್-ಡಬ್ ವಿಷಯದಲ್ಲಿ ಎಡವಿದ. ಮೊದಲ ಸದ್ದು ನಾಡಿಯ ಜೊತೆಗೇ ಬರುತ್ತೆ, ಹಾಗಾಗಿ ಅದು ಕೆಳಗಿನ ಹೃತ್ಕುಕ್ಷಿಗಳು ಹಿಂಡಿಕೊಳ್ಳುವ ಸದ್ದು. ಅದಾದ ಮೇಲೆ ಬರೋದು ಮೇಲಿನ ಹೃತ್ಕರ್ಣಗಳು ಹಿಂಡಿಕೊಳ್ಳುವ ಸದ್ದು. ಲೆಕ್ಕ ಸರಳ: ಎರಡು ಅಂತಸ್ತು, ಎರಡು ಸದ್ದು. ಸಮಸ್ಯೆ ಏನಂದ್ರೆ ಹೃತ್ಕರ್ಣ ಹಿಂಡಿಕೊಳ್ಳೋದು ಹೃತ್ಕುಕ್ಷಿಗಿಂತ *ಮೊದಲು*. ಇದನ್ನು ಪ್ರಾಣಿಗಳ ಎದೆ ತೆರೆದು ಹಾರ್ವೆಯೇ ನೋಡಿ ಬರೆದಿದ್ದ. ಇನ್ನೂರು ವರ್ಷ ಹಳೆಯ ಡಾಕ್ಯುಮೆಂಟೇಶನ್ ಯಾರೂ ಓದಿರಲಿಲ್ಲ, ನಮ್ಮ ಆಫೀಸಿನ ಥರಾನೇ! ಎಡಿನ್‌ಬರೋದ ಜಾನ್ ಟರ್ನರ್ 1828ರಲ್ಲಿ ಈ ತಪ್ಪನ್ನು ಎತ್ತಿ ತೋರಿಸಿದ.

ಹಾಗಾದರೆ ಡಬ್ ಯಾವುದರದ್ದು? ಇಲ್ಲಿಂದ ಮುಂದಿನ ಹತ್ತು ವರ್ಷ ಯುರೋಪಿನ ಡಾಕ್ಟರುಗಳು ಕಚ್ಚಾಡಿದ್ದನ್ನು ಓದಿದರೆ ಯಾವ ಬ್ಲಾಗ್ ಜಗಳವೂ ಸಪ್ಪೆ ಅನಿಸುತ್ತೆ. ಹೃದಯ ಎದೆಗೂಡಿಗೆ ಹೋಗಿ ಬಡಿಯೋದೇ ಸದ್ದು ಅಂದ ಫ್ರಾನ್ಸಿನ ದೊಡ್ಡ ಶರೀರವಿಜ್ಞಾನಿ ಮಜಾಂಡಿ. ಸ್ನಾಯು ಬಿಗಿಯೋ ಸದ್ದು ಅಂದರು ಕೆಲವರು. ಎರಡು ಸದ್ದೂ ಕವಾಟಗಳದ್ದು ಅಂತ ಮೊದಲು ಸ್ಪಷ್ಟವಾಗಿ ಹೇಳಿದ್ದು ಯಾವ ದೊಡ್ಡ ಹೆಸರೂ ಅಲ್ಲ, 1832ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಬಂಧ ಮಂಡಿಸಿದ ರೂಆನೆ ಅನ್ನೋ ವಿದ್ಯಾರ್ಥಿ. ಹೃತ್ಕುಕ್ಷಿ ಹಿಂಡಿಕೊಂಡಾಗ ಮೇಲಿನ ಕೋಣೆಗಳ ಕಡೆಯ ಕವಾಟಗಳು ತಟ್ಟನೆ ಬಿಗಿಯುತ್ತವೆ, ಅದು ಲಬ್. ಹಿಂಡಿದ್ದು ಮುಗಿದಾಗ ಹೊರಗೆ ಹೋದ ರಕ್ತ ಹಿಂದಕ್ಕೆ ಬೀಳಲು ನೋಡುತ್ತೆ, ಮಹಾಪಧಮನಿ ಮತ್ತು ಶ್ವಾಸಕೋಶದ ಧಮನಿಯ ಬುಡದ ಕವಾಟಗಳು ಅದನ್ನು ತಡೆದು ಬಿಗಿಯುತ್ತವೆ, ಅದು ಡಬ್. ಬಾಯಿಮಾತಲ್ಲ, ಕವಾಟ ಸಮೇತ ಮಹಾಪಧಮನಿಯನ್ನು ಗಾಜಿನ ಕೊಳವೆಗೆ ಜೋಡಿಸಿ, ನೀರನ್ನು ಕವಾಟದ ಮೇಲೆ ಹಿಂದಕ್ಕೆ ಬೀಳಿಸಿ ಡಬ್ ಸದ್ದನ್ನು ಮೇಜಿನ ಮೇಲೇ ಹುಟ್ಟಿಸಿ ತೋರಿಸಿದ. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಮನುಷ್ಯ ಇವನು.

ಜೀವಂತ ಹೃದಯದಲ್ಲಿ ಇದನ್ನು ತೋರಿಸಿದ್ದು ಲಂಡನ್ನಿನಲ್ಲಿ ಜೇಮ್ಸ್ ಹೋಪ್ ಮತ್ತು ಚಾರ್ಲ್ಸ್ ವಿಲಿಯಮ್ಸ್. ತೋರಿಸಿದ ಬಗೆ ಮಾತ್ರ ಓದೋಕೆ ಕಷ್ಟ. 1830ರ ದಶಕ, ಅರಿವಳಿಕೆ ಬರೋದಕ್ಕೆ ಇನ್ನೂ ಹತ್ತು ಹದಿನೈದು ವರ್ಷ ಬಾಕಿ. ಕತ್ತೆಗಳನ್ನು ಹೊಡೆದು ಪ್ರಜ್ಞೆ ತಪ್ಪಿಸಿ, ಇಲ್ಲವೇ ದಕ್ಷಿಣ ಅಮೆರಿಕದ ಬಾಣದ ವಿಷ ಕೊಟ್ಟು ಮೈ ಅಲ್ಲಾಡದ ಹಾಗೆ ಮಾಡಿ, ತಿದಿಯಿಂದ ಗಾಳಿ ಊದಿ ಉಸಿರಾಡಿಸುತ್ತಾ, ಎದೆ ತೆರೆದು, ಬಡಿಯುತ್ತಿರುವ ಹೃದಯಕ್ಕೇ ಸ್ಟೆತಸ್ಕೋಪ್ ಇಟ್ಟರು. ಲಬ್-ಡಬ್ ಕೇಳ್ತಾ ಇತ್ತು. ಅಂದರೆ ಎದೆಗೂಡಿಗೆ ಬಡಿಯೋ ಮಜಾಂಡಿಯ ಸಿದ್ಧಾಂತ ಅಲ್ಲಿಗೇ ಬಿತ್ತು, ತಾಗೋಕೆ ಎದೆಗೂಡೇ ಇರಲಿಲ್ಲವಲ್ಲ! ಆಮೇಲೆ ಧಮನಿಯ ಬುಡದಲ್ಲಿ ಸಣ್ಣ ಕೊಕ್ಕೆ ತೂರಿಸಿ ಕವಾಟದ ಎಲೆಯನ್ನು ಮುಚ್ಚದ ಹಾಗೆ ಎಳೆದು ಹಿಡಿದರು. ಡಬ್ ಮಾಯ. ಅದರ ಜಾಗದಲ್ಲಿ ಹಿಸ್ ಅಂತ ಸೋರುವ ಸದ್ದು. ಕೊಕ್ಕೆ ಬಿಟ್ಟರು, ಡಬ್ ವಾಪಸ್!

ಡಿಬಗ್ಗಿಂಗ್ ಮಾಡೋರಿಗೆ ಇದಕ್ಕಿಂತ ಒಳ್ಳೆ ಪುರಾವೆ ಬೇಕಾ? ಒಂದೇ ಒಂದು ಸಾಲು ಕಮೆಂಟ್ ಮಾಡಿ ಓಡಿಸಿದೆ, ಸದ್ದು ಹೋಯ್ತು. ಅನ್‌ಕಮೆಂಟ್ ಮಾಡಿದೆ, ಬಂತು. ಆ ಹಿಸ್ ಸದ್ದೇ ಮುಂದೆ ಸೋರುವ ಕವಾಟವನ್ನು ಕಿವಿಯಿಂದಲೇ ಪತ್ತೆ ಮಾಡೋದಕ್ಕೂ ಆಧಾರವಾಯ್ತು. ಆದರೆ ಸ್ಟೆತಸ್ಕೋಪ್ ಚಿತ್ರ ನೋಡಿದಾಗೆಲ್ಲ ನನಗೀಗ ಕತ್ತೆಗಳ ನೆನಪಾಗುತ್ತೆ. ಹೋಪ್ ಮತ್ತು ವಿಲಿಯಮ್ಸ್ ಮಾತ್ರ, ಯಾರು ಮೊದಲು ಕಂಡುಹಿಡಿದದ್ದು ಅಂತ ಆಮೇಲೆ ಅಚ್ಚಿನಲ್ಲೇ ಜಗಳವಾಡಿಕೊಂಡರು. ಹೋಪ್ 1841ರಲ್ಲಿ, ನಲವತ್ತರ ಪ್ರಾಯದಲ್ಲಿ, ಲೆನೆಕ್‌ನ ಹಾಗೇ ಕ್ಷಯದಿಂದ ತೀರಿಕೊಂಡ. ಬ್ರಿಟಿಷ್ ಅಸೋಸಿಯೇಷನ್ ಅನ್ನೋ ವಿಜ್ಞಾನ ಸಂಸ್ಥೆ ಡಬ್ಲಿನ್‌ನಲ್ಲೊಂದು, ಲಂಡನ್ನಿನಲ್ಲೊಂದು ಸಮಿತಿ ಮಾಡಿ ಇದೇ ಪ್ರಯೋಗಗಳನ್ನು ಮತ್ತೆ ಮಾಡಿಸಿತು. (ಹೃದಯ ಯಾಕೆ ಸದ್ದು ಮಾಡುತ್ತೆ ಅಂತ ಸಮಿತಿ ನೇಮಿಸಿದ ಕಾಲ ನೋಡಿ!) ಡಬ್ ಬಹುಮಟ್ಟಿಗೆ ಇತ್ಯರ್ಥವಾಯ್ತು.

ಲಬ್ ಆಗಲಿಲ್ಲ. ಯಾಕೆ ಅಂತ ತಿಳಿಯೋಕೆ ಒಂದು ಸಣ್ಣ ಪ್ರಯೋಗ ಮಾಡಿ. ಹೆಬ್ಬೆರಳಿಂದ ಕಿವಿ ಮುಚ್ಚಿ, ಅದೇ ಕೈಯ ಮುಷ್ಟಿಯನ್ನು ಜೋರಾಗಿ ಬಿಗಿಯಿರಿ. ದೂರದಲ್ಲಿ ಲಾರಿ ಹೋದ ಹಾಗೆ ಗುರ್ ಅನ್ನುತ್ತಲ್ಲ? ಅದು ಸ್ನಾಯುವಿನ ಸದ್ದು, ವೊಲ್ಲಾಸ್ಟನ್ 1809ರಲ್ಲೇ ಇದರ ಬಗ್ಗೆ ಉಪನ್ಯಾಸ ಕೊಟ್ಟಿದ್ದ. ಹೃದಯವೂ ಸ್ನಾಯುವೇ, ಅದೂ ಗುರ್ ಅನ್ನಬೇಕಲ್ಲ? 1868ರಲ್ಲಿ ಜರ್ಮನಿಯಲ್ಲಿ ಲುಡ್ವಿಗ್ ಮತ್ತು ದೊಗಿಯೆಲ್ ರಕ್ತವನ್ನೆಲ್ಲ ಖಾಲಿ ಮಾಡಿದ ನಾಯಿಯ ಹೃದಯಕ್ಕೆ ಕಿವಿಗೊಟ್ಟು, ಮೊದಲ ಸದ್ದು ಇನ್ನೂ ಕೇಳುತ್ತೆ ಅಂದರು. ಕವಾಟ ಬಿಗಿಯೋಕೆ ರಕ್ತವೇ ಇಲ್ಲದಾಗ ಸದ್ದು ಎಲ್ಲಿಂದ? ಸ್ನಾಯುವಾದಿಗಳಿಗೆ ಹಬ್ಬ. 1933ರಲ್ಲಿ ಅಮೆರಿಕದ ವಿಲಿಯಂ ಡಾಕ್, ಇಲ್ಲ, ಸಡಿಲವಾಗಿದ್ದ ಕವಾಟ ತಟ್ಟನೆ ಬಿಗಿಯೋದೇ ಮುಖ್ಯ ಅಂತ ವಾದಿಸಿದ. ಹೀಗೇ ಹಗ್ಗಜಗ್ಗಾಟ.

ನನ್ನ ಬಸ್ಸಿನ ಅನುಮಾನಕ್ಕೆ ಉತ್ತರ ಸಿಕ್ಕಿದ್ದು ಸಿಯಾಟಲ್‌ನ ರಾಬರ್ಟ್ ರಶ್ಮರ್ ಹತ್ತಿರ. 1950-60ರ ದಶಕದಲ್ಲಿ ಅವನು ಹೇಳಿದ್ದು: ಎಲೆಗೆ ಎಲೆ ತಾಗಿ ಚಪ್ಪಾಳೆಯ ಹಾಗೆ ಸದ್ದಾಗೋದಲ್ಲ. ಓಡುತ್ತಿದ್ದ ರಕ್ತ ಥಟ್ಟನೆ ನಿಂತಾಗ ಹೃದಯದ ಗೋಡೆ, ಕವಾಟ, ರಕ್ತ ಮೂರೂ ಸೇರಿ ಒಂದೇ ಮುದ್ದೆಯಾಗಿ ಅದುರುತ್ತವೆ. ನೀರು ತುಂಬಿದ ಬಲೂನನ್ನು ತಟ್ಟಿ ನೋಡಿ. ಅದುರೋದು ರಬ್ಬರಾ, ನೀರಾ? ಬೇರೆ ಬೇರೆ ಮಾಡೋಕೆ ಬರಲ್ಲ.

ಇದನ್ನು ಓದಿದ ಕೂಡಲೇ ನನಗೆ ಅತ್ತೆ ಮನೆ ತೋಟದ ಪಂಪ್‌ಸೆಟ್ಟು ನೆನಪಾಯ್ತು. ಹೊಳೆಯಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ನೀರೆತ್ತುವಾಗ ಮೋಟಾರು ಆಫ್ ಮಾಡಿದರೆ ಒಂದು ಗಳಿಗೆ ಬಿಟ್ಟು ಪೈಪಿನಲ್ಲಿ 'ಧಡ್' ಅನ್ನೋದನ್ನು ಊರಿನವರೆಲ್ಲ ಕೇಳಿರ್ತೀರಿ. ಮೇಲಕ್ಕೆ ಹತ್ತುತ್ತಿದ್ದ ನೀರು ಹಿಂದಕ್ಕೆ ಬರುತ್ತೆ, ಕೆಳಗಿನ ವಾಲ್ವು ಮುಚ್ಚಿಕೊಳ್ಳುತ್ತೆ, ನೀರಿನ ಕಂಬ ಥಟ್ಟನೆ ನಿಲ್ಲುತ್ತೆ, ಪೈಪಿಗೆ ಪೈಪೇ ನಡುಗುತ್ತೆ. ಕಾಲೇಜಲ್ಲಿ ವಾಟರ್ ಹ್ಯಾಮರ್ ಅಂತ ಇದಕ್ಕೇ ಫಾರ್ಮುಲಾ ಬಾಯಿಪಾಠ ಮಾಡಿದ್ದೆ. ಡಬ್ ಅಂದರೆ ಅದೇ! ವಾಲ್ವು ಇಲ್ಲದೆ ಸದ್ದಿಲ್ಲ, ಹಾಗಂತ ಸದ್ದು ಮಾಡೋದು ವಾಲ್ವೊಂದೇ ಅಲ್ಲ. ರೂಆನೆಯೂ ಸರಿ, ರಶ್ಮರನೂ ಸರಿ.

ಅಂದ ಹಾಗೆ ಲಬ್ ಕೂಡ, ಡಬ್ ಕೂಡ ಒಂದೊಂದು ಸದ್ದಲ್ಲ, ಎರಡೆರಡು. ಎಡಗಡೆಯ ಕವಾಟ ಸ್ವಲ್ಪ ಮೊದಲು, ಬಲಗಡೆಯದು ಸ್ವಲ್ಪ ನಂತರ. ಮೂಗಿನಿಂದ ಉಸಿರು ಒಳಗೆಳೆದಾಗ ಹೃದಯದ ಬಲಭಾಗಕ್ಕೆ ಹೆಚ್ಚು ರಕ್ತ ಬರುತ್ತೆ, ಅದನ್ನು ಹೊರಗೆ ಹಾಕೋದಕ್ಕೆ ಕೊಂಚ ತಡವಾಗುತ್ತೆ, ಹಾಗಾಗಿ ಡಬ್ ಅನ್ನೋದು 'ಡ-ಡಬ್' ಅಂತ ಒಡೆಯುತ್ತೆ. ನಡುವಿನ ಅಂತರ ಸೆಕೆಂಡಿನ ನೂರರಲ್ಲಿ ಮೂರು ನಾಲ್ಕು ಪಾಲು. ಉಸಿರು ಬಿಟ್ಟಾಗ ಮತ್ತೆ ಒಂದಾಗುತ್ತೆ. ಪ್ಯಾರಿಸ್ಸಿನ ಪೊಟೇನ್ 1866ರಲ್ಲಿ ಬರೀ ಕಿವಿಯಿಂದ ಇದನ್ನು ಹಿಡಿದಿದ್ದ! ಲಂಡನ್ನಿನ ಆಬ್ರಿ ಲೀಥಮ್ ಇಪ್ಪತ್ತನೇ ಶತಮಾನದಲ್ಲಿ ಸದ್ದನ್ನು ಕಾಗದದ ಮೇಲೆ ಗೆರೆಯಾಗಿ ಬರೆಸಿ, ಈ ಒಡೆದ ಡಬ್ಬನ್ನೇ ಹೃದಯದ ಬೀಗದ ಕೈ ಅಂತ ಸಾರಿದ. ಮೇಲಿನ ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿರೋ ಮಕ್ಕಳಲ್ಲಿ ಉಸಿರು ಬಿಟ್ಟರೂ ಅದು ಒಂದಾಗೋದಿಲ್ಲ. ಹಾಗೆ ಬರೀ ಸ್ಟೆತಸ್ಕೋಪಿನಲ್ಲೇ ಸಿಕ್ಕಿಬಿದ್ದ ತೂತುಗಳು ಎಷ್ಟೋ.

ಲಬ್ ಜಗಳ 1970ರ ದಶಕದವರೆಗೂ ಮುಂದುವರಿಯಿತು. ಷಿಕಾಗೋದ ಲೂಯಿಸಾಡ ಗೋಡೆಯ ಅದುರುವಿಕೆಯೇ ಮುಖ್ಯ ಅಂತ ಪಟ್ಟು ಹಿಡಿದಿದ್ದರು. ಅಷ್ಟರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ 1953ರಲ್ಲಿ ಶುರು ಮಾಡಿದ್ದ ಎಕೋ ಪರೀಕ್ಷೆ ಬೆಳೆದಿತ್ತು. ಕವಾಟದ ಎಲೆ ಆಡೋದನ್ನು ಕಾಣಬಹುದಿತ್ತು, ಜೊತೆಗೇ ಸದ್ದನ್ನೂ ದಾಖಲಿಸಬಹುದಿತ್ತು. 1975ರಲ್ಲಿ ಅಮೆರಿಕದ ವೇಡರ್ ಮತ್ತು ಕ್ರೇಗ್ ಎರಡನ್ನೂ ಒಂದೇ ಕಾಗದದ ಮೇಲೆ ಓಡಿಸಿ ನೋಡಿದರು: ಮೈಟ್ರಲ್ ಕವಾಟದ ಎಲೆಗಳು ಸೇರುವ ಕ್ಷಣಕ್ಕೂ ಲಬ್‌ನ ಮೊದಲ ದೊಡ್ಡ ಅಲೆಗೂ ಸರಿಯಾಗಿ ತಾಳೆಯಾಯ್ತು. ಹೋಪ್‌ಗೆ ಕತ್ತೆ ಬೇಕಾಗಿತ್ತು. ಇವರಿಗೆ ಒಂದಿಷ್ಟು ಜೆಲ್ ಸಾಕಾಯ್ತು.

ಇಷ್ಟೆಲ್ಲ ಓದಿದ ಮೇಲೆ ಅತ್ತೆಗೆ ಎಕೋ ಮಾಡಿಸೋ ಮುಂಚೆಯೇ ತಾಲೂಕಿನ ವಯಸ್ಸಾದ ಡಾಕ್ಟರೊಬ್ಬರು ಎದೆಗೆ ಸ್ಟೆತಸ್ಕೋಪ್ ಇಟ್ಟ ಕೂಡಲೇ "ಮೈಟ್ರಲ್ ಬಿಗಿಯಾಗಿದೆ" ಅಂದಿದ್ದು ಹೇಗೆ ಅಂತ ಅರ್ಥವಾಯ್ತು. ನಮ್ಮಲ್ಲಿ ಹೃತ್ಕುಕ್ಷಿ ಹಿಂಡಿಕೊಳ್ಳೋ ಹೊತ್ತಿಗೆ ಎಲೆಗಳು ಆಗಲೇ ಅರ್ಧ ಹತ್ತಿರ ಬಂದಿರುತ್ತವೆ. ಬಾಯಿ ಕಟ್ಟಿದ ಕವಾಟದಲ್ಲಿ ಮೇಲಿನ ಒತ್ತಡ ಹೆಚ್ಚಿರೋದರಿಂದ ಎಲೆಗಳು ಕೊನೇವರೆಗೂ ದೂರದಲ್ಲೇ ನಿಂತಿರುತ್ತವೆ. ಆಮೇಲೆ ಅಷ್ಟೂ ದೂರದಿಂದ ರಪ್ಪನೆ ಬಂದು ಮುಚ್ಚಿಕೊಳ್ಳಬೇಕು. ಹಾಗಾಗಿ ಲಬ್ ಸದ್ದು ಆರೋಗ್ಯವಂತರಿಗಿಂತ *ಜೋರು*! ಅದೇ ಕವಾಟ ಇನ್ನೂ ಕೆಟ್ಟು ಸುಣ್ಣಗಟ್ಟಿ ಅಲ್ಲಾಡದ ಹಾಗಾದರೆ ಸದ್ದು ಮತ್ತೆ ಮೆತ್ತಗಾಗುತ್ತೆ. ಇಷ್ಟು ವರ್ಷ ಜೋರು ಎದೆಬಡಿತ ಅಂದರೆ ಗಟ್ಟಿ ಹೃದಯ ಅಂತಲೇ ನಾನು ತಿಳಿದುಕೊಂಡಿದ್ದೆ.

ಇನ್ನು ಅತ್ತೆಯ ಟಿಕ್. ಮನುಷ್ಯನ ಎದೆಯಲ್ಲಿ ಮೊದಲು ಯಂತ್ರದ ಸದ್ದು ಹುಟ್ಟಿಸಿದ್ದು ವಾಷಿಂಗ್‌ಟನ್ನಿನ ಚಾರ್ಲ್ಸ್ ಹಫ್‌ನೆಗಲ್. 1952ರಲ್ಲಿ ಪ್ಲಾಸ್ಟಿಕ್ ಕೊಳವೆಯೊಳಗೆ ಗೋಲಿ ಇಟ್ಟು, ಹೃದಯದಲ್ಲಲ್ಲ, ಕೆಳಗಿಳಿಯುವ ಮಹಾಪಧಮನಿಯಲ್ಲಿ ಕೂರಿಸಿದ. ಆ ಗೋಲಿಯ ಟಕ್ ಟಕ್ ಪಕ್ಕದವರಿಗೂ ಕೇಳಿಸುತ್ತಿತ್ತಂತೆ. 1960ರಲ್ಲಿ ಒರೆಗಾನ್‌ನ ಆಲ್ಬರ್ಟ್ ಸ್ಟಾರ್ ಅನ್ನೋ ಸರ್ಜನ್ ಮತ್ತು ಲೊವೆಲ್ ಎಡ್ವರ್ಡ್ಸ್ ಅನ್ನೋ ನಿವೃತ್ತ ಇಂಜಿನಿಯರ್ ಸೇರಿ ಪಂಜರದೊಳಗಿನ ಗೋಲಿಯ ಕವಾಟವನ್ನು ಹೃದಯದ ಒಳಗೇ ಹಾಕಿದರು. ಎಡ್ವರ್ಡ್ಸ್ ಬಂದಿದ್ದು ಇಡೀ ಹೃದಯವನ್ನೇ ಮಾಡ್ತೀನಿ ಅಂತ. ವಿಮಾನದ ಇಂಧನ ಪಂಪುಗಳ ಮೇಲೆ ಕೆಲಸ ಮಾಡಿದ್ದ ಮನುಷ್ಯ, ಹೃದಯವೂ ಪಂಪೇ ತಾನೇ! ಮೊದಲು ಒಂದು ಕವಾಟ ಮಾಡೋಣ ಅಂತ ಸ್ಟಾರ್ ಸಮಾಧಾನ ಮಾಡಬೇಕಾಯ್ತು. ನಮ್ಮ ದೇಶದಲ್ಲಿ ಇದೇ ಕೆಲಸಕ್ಕೆ ಕೈ ಹಾಕಿದ್ದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಎಂ.ಎಸ್. ವಲಿಯತ್ತಾನ್ ತಂಡ. ಮೂರು ವಿನ್ಯಾಸ ಕೈಕೊಟ್ಟು, ನಾಲ್ಕನೆಯದನ್ನು 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಹಾಕಿದರು. ಅದರಲ್ಲಿ ಆಡೋ ಬಿಲ್ಲೆ ಲೋಹದ್ದಲ್ಲ, ಗಟ್ಟಿ ಪಾಲಿಥೀನ್‌ನದ್ದು. ಅವರು ಆಮೇಲೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದರು, 2024ರಲ್ಲಿ ಅಲ್ಲೇ ತೀರಿಕೊಂಡರು.

ನೋಡಿ, ಹೈಸ್ಕೂಲಿನಲ್ಲಿ ಕಲಿತಿದ್ದು ಅತ್ತೆಯ ಮಟ್ಟಿಗೆ ನೂರಕ್ಕೆ ನೂರು ಸತ್ಯ. ಅವಳದ್ದು ಗಟ್ಟಿ ಎಲೆ ಗಟ್ಟಿ ಉಂಗುರಕ್ಕೆ ಬಡಿಯೋ ಸದ್ದೇ. ನಮ್ಮದು ಪಂಪ್‌ಸೆಟ್ಟಿನ ಸದ್ದು, ಅವಳದ್ದು ಬಾಗಿಲಿನ ಸದ್ದು. ಅದಕ್ಕೇ ಆ ಬಾಗಿಲಿಗೆ ಏನಾದರೂ ಅಂಟಿಕೊಂಡರೆ ಮೊದಲು ಟಿಕ್ ಮಂಕಾಗೋದು, ಅದಕ್ಕೇ ಡಾಕ್ಟರು ಆವತ್ತು ಹಾಗೆ ಹೇಳಿದ್ದು.

ಹೋದ ಭಾನುವಾರ ಫೋನಿನಲ್ಲಿ ಇದನ್ನೆಲ್ಲ ಅತ್ತೆಗೆ ಹೇಳಿದೆ. ಪ್ಯಾರಿಸ್ಸಿನ ಕಾಗದದ ಸುರುಳಿ, ವೆನಿಸ್ಸಿನ ಲೇವಡಿ, ಪಂಪ್‌ಸೆಟ್ಟು ಎಲ್ಲ. ಹೂಂ ಹೂಂ ಅಂತ ಕೇಳಿಸಿಕೊಂಡಳು. ಒಂದು ದಿನಕ್ಕೆ ಒಂದು ಲಕ್ಷ ಸಲ ಆ ಕವಾಟ ಮುಚ್ಚುತ್ತೆ ಅತ್ತೆ ಅಂದಾಗ, "ಅಷ್ಟಾ!" ಅಂದಳು. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಆ ಕತ್ತೆಗಳು ಎಷ್ಟಿದ್ದವೋ ತಮ್ಮಾ?"